ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಸ್ಟೌಟ್–ಚೀಸ್ ಸೋಡಾ ಬ್ರೆಡ್: ಅಳತೆ ಹದಕ್ಕೆ ಬಂದಿದೆ

ಮಾರ್ಚ್ 17ರ ಹಬ್ಬದೂಟಕ್ಕೆ ಐರ್ಲೆಂಡಿನ ಕಂದು ಸೋಡಾ ಬ್ರೆಡ್ಡಿಗೆ ಸ್ಟೌಟ್ ಎಂಬ ಕಪ್ಪು ಬಿಯರ್ ಮತ್ತು ಚೆಡ್ಡಾರ್ ಚೀಸ್ ಸೇರಿಸುವ ಪ್ರಯೋಗದ ಈವರೆಗಿನ ಟಿಪ್ಪಣಿ ಇದು. ಹಳೆಯ ಕ್ರಮದಲ್ಲಿ ಹಿಟ್ಟು, ಅಡುಗೆ ಸೋಡಾ, ಉಪ್ಪು, ಮಜ್ಜಿಗೆ ಇಷ್ಟೇ. ಬಿಯರ್, ಚೀಸ್ ಆಮೇಲೆ ಬಂದವು.

ಮಜ್ಜಿಗೆ ಬಿಟ್ಟು ಪೂರ್ತಿ ಸ್ಟೌಟ್‌ನಲ್ಲೇ ಕಲಸಿದ ಬ್ರೆಡ್ ಸರಿಯಾಗಿ ಉಬ್ಬಲಿಲ್ಲ, ಬಾಯಲ್ಲಿ ಸಾಬೂನಿನ ರುಚಿ ಉಳಿಯಿತು. ಸ್ಟೌಟ್ ಕೂಡ ಹುಳಿಯೇ, ಪಿಎಚ್ 4ರಿಂದ 4.5ರ ಆಸುಪಾಸು. ಆದರೆ ಅದರಲ್ಲಿರುವ ಒಟ್ಟು ಆಮ್ಲ ಮಜ್ಜಿಗೆಯದಕ್ಕಿಂತ ಬಹಳ ಕಡಿಮೆ. ಸೋಡಾ ಕೆಲಸ ಮಾಡದೆ ಹಾಗೇ ಉಳಿಯುತ್ತದೆ. ಬಿಯರಿನ ಗುಳ್ಳೆಗಳೇ ಹಿಟ್ಟನ್ನು ಎತ್ತುತ್ತವೆ ಅನ್ನುವುದನ್ನೂ ನಂಬಬೇಡಿ, ಕಲಸುವಾಗಲೇ ಅವು ಹೆಚ್ಚಿನಂಶ ಹೊರಟುಹೋಗುತ್ತವೆ. ಉಬ್ಬಿಗೆ ಮಜ್ಜಿಗೆ, ರುಚಿಗೆ ಬಿಯರ್. ಇಡೀ ಅಳತೆ ನಿಂತಿರುವುದು ಇದರ ಮೇಲೆ.

ಈಗ ನಿಂತಿರುವ ಲೆಕ್ಕ: ತರಿತರಿಯಾದ ಗೋಧಿ ಹಿಟ್ಟು 300 ಗ್ರಾಂ, ಮೈದಾ 150, ಓಟ್ಸ್ 50, ಸೋಡಾ 4, ಉಪ್ಪು 7, ತುರಿದ ಹಳೆಯ ಚೆಡ್ಡಾರ್ 100, ಹೆಚ್ಚಿದ ಈರುಳ್ಳಿ ಸೊಪ್ಪು ಒಂದು ಹಿಡಿ, ಸಾಸಿವೆ ಪುಡಿ ಒಂದು ಟೀ ಚಮಚ, ಮಜ್ಜಿಗೆ 250 ಮಿ.ಲೀ., ಸ್ಟೌಟ್ 150 ಮಿ.ಲೀ., ಟ್ರೀಕಲ್ (ಸಕ್ಕರೆ ತಯಾರಿಕೆಯ ಕಪ್ಪು ಪಾಕ) 20 ಗ್ರಾಂ. ಟ್ರೀಕಲ್ ಸಿಗದಿದ್ದರೆ ಜೋನಿಬೆಲ್ಲ ಚೆನ್ನಾಗಿ ಒಗ್ಗುತ್ತದೆ. ಸ್ಟೌಟ್‌ನ ಹುರಿದ ಕಹಿಯನ್ನು ಹಿಡಿತದಲ್ಲಿಡಲು ಇಷ್ಟು ಸಿಹಿ ಬೇಕೇ ಬೇಕು. ಪೂರ್ತಿ ಮಜ್ಜಿಗೆಯಲ್ಲಿ ಕಲಸುವುದಾದರೆ ಸೋಡಾ 5 ಗ್ರಾಂ ನಡೆಯುತ್ತಿತ್ತು. ಆಮ್ಲ ಇಳಿದಷ್ಟು ಸೋಡಾವನ್ನೂ ಇಳಿಸಿದ್ದೇವೆ. ಕಹಿ ಕೊಡುವ ಹಾಪ್ಸ್ ಹೂ ಜಾಸ್ತಿಯಿರುವ ಐಪಿಎ ಬಿಯರ್ ಈ ಕೆಲಸಕ್ಕೆ ಬೇಡ, ಬೆಂದ ಮೇಲೆ ಕಹಿಯೇ ಮುಂದೆ ನಿಲ್ಲುತ್ತದೆ.

ಓವನ್ ಮೊದಲೇ 220 ಡಿಗ್ರಿಗೆ ಕಾದಿರಲಿ. ಸ್ಟೌಟ್ ಅನ್ನು ಬಗ್ಗಿಸಿ ನೊರೆ ಇಳಿಯುವವರೆಗೆ ಬಿಟ್ಟು ಆಮೇಲೆ ಅಳೆಯಿರಿ, ನೊರೆ ಸಮೇತ ಅಳೆದರೆ ದ್ರವ ಕಡಿಮೆ ಬೀಳುತ್ತದೆ. ಸೋಡಾವನ್ನು ಮೈದಾದ ಜೊತೆ ಜರಡಿ ಹಿಡಿಯಿರಿ. ಗಂಟು ಉಳಿದ ಕಡೆ ಹಳದಿ ಮಚ್ಚೆ, ಚಪ್ಪರಿಸಲಾಗದ ಕ್ಷಾರದ ರುಚಿ. ಒಣ ಸಾಮಾನೆಲ್ಲ ಬೆರೆಸಿ ನಡುವೆ ಗುಂಡಿ ಮಾಡಿ, ದ್ರವ ಒಟ್ಟಿಗೇ ಸುರಿದು, ಬೆರಳು ಅಗಲಿಸಿ ಅರ್ಧ ನಿಮಿಷದೊಳಗೆ ಕೂಡಿಸಿ. ನಾದಬೇಡಿ. ಐರ್ಲೆಂಡಿನ ಗೋಧಿ ಮೆತ್ತನೆಯದು, ಅಂಟು ಕಡಿಮೆ. ಈ ಬ್ರೆಡ್ ಹುಟ್ಟಿದ್ದೇ ಅಂಥ ಹಿಟ್ಟಿಗೆ. ನಾದಿದರೆ ಒಳಗೆ ರಬ್ಬರಾಗುತ್ತದೆ. ಹಿಟ್ಟು ಕೈಗಂಟುವಷ್ಟು ಹಸಿಯಾಗಿರಬೇಕು, ಚಪಾತಿಯ ಹದಕ್ಕೆ ಬಂದರೆ ನೀರು ಸಾಲದು ಎಂದೇ ಅರ್ಥ.

ಎರಡು ಅಂಗುಲ ದಪ್ಪಕ್ಕೆ ದುಂಡಗೆ ತಟ್ಟಿ, ಶಿಲುಬೆಯಾಕಾರದಲ್ಲಿ ಆಳವಾಗಿ ಸೀಳಿ. ಗೀರು ಎಳೆದರೆ ಸಾಲದು, ಸೀಳದಿದ್ದರೆ ನಡುಭಾಗ ಹಸಿ ಉಳಿಯುತ್ತದೆ. 220ರಲ್ಲಿ 15 ನಿಮಿಷ, ಆಮೇಲೆ 200ರಲ್ಲಿ 25ರಿಂದ 30. ಒಳಗಿನ ಬಿಸಿ 95 ಡಿಗ್ರಿ ದಾಟಿರಬೇಕು. ತಳ ತಟ್ಟಿದರೆ ಪೊಳ್ಳು ಸದ್ದು ಬರಬೇಕು. ಮೇಲೆ ಉದುರಿಸುವ ಚೀಸ್ ಕೊನೆಯ ಹತ್ತು ನಿಮಿಷಕ್ಕೆ ಮಾತ್ರ, ಮೊದಲೇ ಹಾಕಿದರೆ ಕರಿಕಾಗುತ್ತದೆ. ಸಣ್ಣ ಓಟಿಜಿ ಓವನ್ನಿನಲ್ಲಿ ಕೆಳಗಿನ ಅಂತಸ್ತಿನಲ್ಲಿಡಿ.

ಕರ್ನಾಟಕದಲ್ಲಿ ಮಾಡುವವರಿಗೆ ಎರಡು ತಿದ್ದುಪಡಿ. ಚಕ್ಕಿ ಹಿಟ್ಟು ನುಣ್ಣಗಿರುತ್ತದೆ, ಹೆಚ್ಚು ನೀರು ಕುಡಿಯುತ್ತದೆ. 50 ಗ್ರಾಂ ಹಿಟ್ಟಿನ ಬದಲು ಗೋಧಿ ತವುಡು ಸೇರಿಸಿ, ದ್ರವ 30 ಮಿ.ಲೀ. ಏರಿಸಿ. ಮನೆಯ ಕಡೆದ ಮಜ್ಜಿಗೆ ನೀರಾಗಿದ್ದರೆ ಹುಳಿ ಸಾಲುವುದಿಲ್ಲ. ಹುಳಿ ಮೊಸರು 200 ಗ್ರಾಂ, ನೀರು 50 ಮಿ.ಲೀ. ಕದಡಿ ಹಾಕಿದರೆ ನಿಶ್ಚಿಂತೆ.

ಬೇಯುವಾಗ ಆಲ್ಕೋಹಾಲ್ ಪೂರ್ತಿ ಆರಿಹೋಗುವುದಿಲ್ಲ. ಕುಡಿಯದವರು ಪಂಕ್ತಿಯಲ್ಲಿದ್ದರೆ ಮೊದಲೇ ಹೇಳಿ, ಅವರಿಗೆ ಬರೀ ಮಜ್ಜಿಗೆಯದು ಬೇರೆ ಮಾಡಿ.

ಹಬ್ಬದ ದಿನವೇ ಸುಡುವುದು ಒಳ್ಳೆಯದು, ಮರುದಿನಕ್ಕೆ ಇದು ಒಣಗಿ ಟೋಸ್ಟಿಗಷ್ಟೇ ಲಾಯಕ್ಕು. ಬಾಕಿ ಇರುವುದು ಪಾತ್ರೆಯ ಕೆಲಸ: ಐರ್ಲೆಂಡಿನ ಹಳ್ಳಿಗಳಲ್ಲಿ ಬಾಸ್ಟಿಬಲ್ ಎಂಬ ಎರಕದ ಪಾತ್ರೆಯನ್ನು ಬೆಂಕಿಯ ಮೇಲೆ ತೂಗುಹಾಕಿ, ಮುಚ್ಚಳದ ಮೇಲೂ ಕೆಂಡ ಸುರಿದು ಸುಡುತ್ತಿದ್ದರು. ಅದೇ ರೀತಿ ಮುಚ್ಚಳವಿರುವ ಬೀಡಿನ ಪಾತ್ರೆಯನ್ನು ಓವನ್ನಿನಲ್ಲಿ ಕಾಯಿಸಿ, ಚೀಸ್ ತಳ ಹಿಡಿಯದ ಹಾಗೆ ಎಷ್ಟು ಹೊತ್ತು ಮುಚ್ಚಿಡಬಹುದು ಎಂದು ಮುಂದೆ ನೋಡಬೇಕಿದೆ.