ಪಾರಿವಾಳಗಳನ್ನು ಸಾಗಿಸೋ ಕೊರಿಯರ್ ಶುರು ಮಾಡ್ಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ಮೂರೂ ಕಡೆ ಪಾರಿವಾಳ ಸಾಕುವ ಹುಡುಗರು ನನ್ನನ್ನು ಕೇಳೋದು ಒಂದೇ ಪ್ರಶ್ನೆ. "ಅಣ್ಣಾ, ನಾನೂ ಪಾರಿವಾಳ ಕಳಸೋ ಕೊರಿಯರ್ ಚಾಲೂ ಮಾಡಬೇಕಂತ ಮಾಡೇನಿ. ಎಷ್ಟ್ ರೊಕ್ಕ ಬೇಕು? ಹೆಂಗ್ ಚಾಲೂ ಮಾಡ್ಲಿ?" ಈ ದಾರಿಯಲ್ಲಿ ನಾನು ಹಕ್ಕಿ ಸಾಗಿಸುವ ಸಣ್ಣ ಕೆಲಸ ಮಾಡುತ್ತೇನೆ, ಮನೆ ಮಾಳಿಗೆ ಮೇಲೆ ನನ್ನವೂ ಒಂದಿಷ್ಟು ಪಾರಿವಾಳ ಇವೆ, ಅದಕ್ಕೇ ಕೇಳುತ್ತಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಪೂರ್ತಿ ಬರೆದುಬಿಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ. ಶುರು ಮಾಡಿ, ಆದರೆ ಒಂದೇ ದಾರಿ ಹಿಡಿದು ಶುರು ಮಾಡಿ. ಬೇಸಿಗೆಯಲ್ಲಂತೂ ಬೇಡವೇ ಬೇಡ. ಮತ್ತೆ, ಬಂದ ಆರ್ಡರಿಗೆಲ್ಲ ಹೂಂ ಅನ್ನುವ ಸ್ವಭಾವ ನಿಮ್ಮದಾಗಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ. ಯಾವ ಹಕ್ಕಿ ಒಯ್ಯಬಾರದು, ಯಾವ ದಿನ ಗಾಡಿ ತೆಗೆಯಬಾರದು ಅಂತ ಗೊತ್ತಿರೋದೇ ಇದರ ಅರ್ಧ ಕೆಲಸ.

ಗಿರಾಕಿ ಇದ್ದಾರಾ ಅಂತ ಕೇಳಬೇಡಿ, ಇದ್ದಾರೆ. ವಿಜಯಪುರದ ಹುಡುಗನಿಗೆ ಬೆಳಗಾವಿಯ ಹೋಮರ್ (ದೂರ ಬಿಟ್ಟರೂ ತನ್ನ ಗೂಡಿಗೇ ಮರಳುವ ತಳಿ) ಬೇಕು, ಬೆಳಗಾವಿಯವನಿಗೆ ಬಾಗಲಕೋಟೆಯ ಲಕ್ಕಾ (ಬೀಸಣಿಗೆಯಂಥ ಬಾಲದ ತಳಿ) ಜೋಡಿ ಬೇಕು, ಇನ್ನೊಬ್ಬನಿಗೆ ಗಿರಿಬಾಜ್ (ಎತ್ತರಕ್ಕೆ ಹಾರುವ ತಳಿ) ಬೇಕು. ಫೋಟೊ, ವಿಡಿಯೊ ನೋಡಿ ವ್ಯಾಪಾರ ಕುದುರುತ್ತದೆ. ಆಮೇಲೆ ಹಕ್ಕಿ ಬರೋದು ಹೇಗೆ? ಸಾಮಾನ್ಯ ಕೊರಿಯರ್‌ನವರು ಜೀವ ಇರೋದನ್ನು ಮುಟ್ಟೋದಿಲ್ಲ. ಹಾಗಾಗಿ ಬೂಟಿನ ಡಬ್ಬಿಗೆ ನಾಲ್ಕು ತೂತು ಹಾಕಿ, ಸುತ್ತ ಟೇಪ್ ಸುತ್ತಿ, ಖಾಸಗಿ ಬಸ್ಸಿನ ಡ್ರೈವರ್ ಕೈಗೆ ಒಂದಿಷ್ಟು ರೊಕ್ಕ ಕೊಟ್ಟು ಡಿಕ್ಕಿಯಲ್ಲಿ ತಳ್ಳಿಬಿಡುತ್ತಾರೆ. ಡಿಕ್ಕಿಯಲ್ಲಿ ಗಾಳಿ ಇರಲ್ಲ, ಮೇಲೆ ಯಾರದೋ ಬ್ಯಾಗು ಬೀಳುತ್ತದೆ, ಇಂಜಿನ್ನಿನ ಕಾವು ಬೇರೆ. ಆ ಕಡೆ ಡಬ್ಬಿ ಬಿಚ್ಚಿದವನಿಗೆ ಏನು ಸಿಗುತ್ತದೆ ಅಂತ ಪಾರಿವಾಳ ಸಾಕಿದವರಿಗೆ ಹೇಳಬೇಕಿಲ್ಲ. ನನಗೆ ಇದನ್ನು ನೋಡಿದಾಗೆಲ್ಲ ಸಿಟ್ಟು ಬರುತ್ತದೆ. ಸರ್ಕಾರಿ ಬಸ್ಸಿನಲ್ಲಿ ಪಂಜರ ಹಿಡಿದು ತಾವೇ ಹೋಗುವವರೂ ಇದ್ದಾರೆ. ಅದು ಎಷ್ಟೋ ವಾಸಿ, ಆದರೆ ಹಕ್ಕಿಗೂ ಟಿಕೆಟ್ ತಗೋಬೇಕು. 2024ರಲ್ಲಿ ಬೆಂಗಳೂರು–ಮೈಸೂರು ಬಸ್ಸಿನಲ್ಲಿ ನಾಲ್ಕು ಲವ್ ಬರ್ಡ್ಸ್‌ಗೆ ತಲಾ 111ರಂತೆ 444 ರೂಪಾಯಿ ಟಿಕೆಟ್ ಹರಿದಿದ್ದು ದೊಡ್ಡ ಸುದ್ದಿಯಾಗಿತ್ತು, ನೆನಪಿರಬೇಕು.

ಬ್ರಿಟನ್‌ನಲ್ಲಿ ಇದೇ ಒಂದು ಕಸುಬು. ಅಲ್ಲಿ ವ್ಯಾಪಾರಕ್ಕಾಗಿ 65 ಕಿಲೋಮೀಟರಿಗಿಂತ ದೂರ ಪ್ರಾಣಿ-ಪಕ್ಷಿ ಒಯ್ಯಬೇಕಾದರೆ ಸರ್ಕಾರದ ಪರವಾನಗಿ ಬೇಕು. ಪ್ರಯಾಣ ಎಂಟು ತಾಸು ಮೀರಿದರೆ ಅದಕ್ಕೆ ಬೇರೆಯದೇ ಪರವಾನಗಿ. ಅಮೆರಿಕದಲ್ಲಿ ಬೆಳೆದ ಪಾರಿವಾಳವನ್ನು ಅಂಚೆ ಇಲಾಖೆಯೇ ತುರ್ತು ಅಂಚೆಯಲ್ಲಿ ಒಯ್ಯುತ್ತದೆ. ನಮ್ಮ ಕಡೆ ಆ ಜಾಗ ಖಾಲಿ ಇದೆ.

ಈಗ ಹಕ್ಕಿಯ ವಿಷಯ. ಪಾರಿವಾಳದ ಮೈ ಕಾವು 41–42 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ನಮಗೆ ಆ ಕಾವು ಬಂದರೆ ಆಸ್ಪತ್ರೆ. ಅದಕ್ಕೆ ಬೆವರುವುದು ಗೊತ್ತಿಲ್ಲ. ಬಾಯಿ ತೆರೆದು, ಗಂಟಲು ಅಲ್ಲಾಡಿಸಿ ತೇಕುತ್ತಲೇ ಮೈ ತಂಪು ಮಾಡಿಕೊಳ್ಳಬೇಕು. ಹಾಗೆ ಮಾಡಿದಷ್ಟೂ ಮೈಯಲ್ಲಿನ ನೀರು ಹೋಗುತ್ತದೆ. ಕೊಕ್ಕು ತೆರೆದು, ರೆಕ್ಕೆ ಮೈಯಿಂದ ಸ್ವಲ್ಪ ಅಗಲಿಸಿ ನಿಂತಿದೆ ಅಂದರೆ ಕಷ್ಟದಲ್ಲಿದೆ ಅಂತ ಅರ್ಥ. ಅಷ್ಟರಲ್ಲೇ ಗಾಡಿ ನಿಲ್ಲಿಸಿ ಬಾಗಿಲು ತೆರೆಯಬೇಕು. ಏಪ್ರಿಲ್, ಮೇನಲ್ಲಿ ವಿಜಯಪುರದ ಬಿಸಿಲು 40 ದಾಟುತ್ತದೆ, ನಿಂತ ಗಾಡಿಯೊಳಗೆ ಅದಕ್ಕಿಂತ ಜಾಸ್ತಿ. ಊಟಕ್ಕೆ ಅಂತ ಲೋಕಾಪುರದ ಹತ್ತಿರ ಗಾಡಿ ಬಿಸಿಲಲ್ಲಿ ನಿಲ್ಲಿಸಿ ಹೋಗಿ ಬರುವಷ್ಟರಲ್ಲಿ ಹಿಂದಿನ ಪೆಟ್ಟಿಗೆಗಳಲ್ಲಿ ಜೀವ ಉಳಿದಿರುತ್ತದೆ ಅನ್ನೋ ಭರವಸೆ ಇಲ್ಲ. ನಮ್ಮ ದೇಶದ 1978ರ ಪ್ರಾಣಿ ಸಾಗಣೆ ನಿಯಮಗಳಿಗೆ 2001ರಲ್ಲಿ ಕೋಳಿ, ಬಾತುಕೋಳಿ ಸಾಗಣೆಯ ಅಧ್ಯಾಯ ಸೇರಿತು. ಅದರಲ್ಲಿ 25 ಡಿಗ್ರಿ ಮೇಲೆ ಮತ್ತು 15 ಡಿಗ್ರಿ ಕೆಳಗೆ ಸಾಗಿಸಬೇಡಿ ಅಂತಲೇ ಇದೆ. ನಾನು ಪಾರಿವಾಳಕ್ಕೂ ಅದನ್ನೇ ಅಳತೆ ಇಟ್ಟುಕೊಂಡಿದ್ದೇನೆ. ಅಂದರೆ ನಮ್ಮ ಕಡೆ ವರ್ಷದ ಬಹುಪಾಲು ರಾತ್ರಿ ಪ್ರಯಾಣ, ಡಿಸೆಂಬರ್-ಜನವರಿಯ ಚಳಿಯಲ್ಲಿ ಮಾತ್ರ 15ಕ್ಕಿಂತ ಕೆಳಗಿಳಿಯದ ಹೊತ್ತು ನೋಡಿ ಹೊರಡೋದು, ನಡುಬೇಸಿಗೆಯಲ್ಲಿ ಕೆಲಸ ಬಂದ್. ವಿಜಯಪುರದಲ್ಲಿ ಮೇ ತಿಂಗಳಲ್ಲಿ ರಾತ್ರಿ ಕೂಡ 25ಕ್ಕೆ ಇಳಿಯೋದು ಕಷ್ಟ ಅಲ್ವಾ? ಆ ತಿಂಗಳ ಗಳಿಕೆ ಇಲ್ಲ ಅಂತಲೇ ಲೆಕ್ಕ ಹಾಕಿ.

ನೀರಿನ ವಿಷಯದಲ್ಲಿ ಹೊಸಬರಿಗೆ ತಿಳಿಯದ ಒಂದು ಮಾತಿದೆ. ಕೋಳಿ ಒಂದು ಗುಟುಕು ನೀರು ತಗೊಂಡು ತಲೆ ಮೇಲೆತ್ತಿ ನುಂಗುತ್ತದೆ. ಪಾರಿವಾಳ ಹಾಗಲ್ಲ, ಕೊಕ್ಕು ಮುಳುಗಿಸಿ ಒಂದೇ ಸಮ ಹೀರುತ್ತದೆ. ಹಾಗಾಗಿ ತಟ್ಟೆಯಲ್ಲಿ ತೆಳ್ಳಗೆ ನೀರು ಹಾಕಿಟ್ಟರೆ ಅದಕ್ಕೆ ಕುಡಿಯೋಕಾಗಲ್ಲ. ಕೊಕ್ಕು ಮುಳುಗುವಷ್ಟು ಆಳದ ಡಬ್ಬಿ ಬೇಕು. ಓಡುವ ಗಾಡಿಯಲ್ಲಿ ನೀರು ಇಟ್ಟರೆ ಚೆಲ್ಲಿ ಹಕ್ಕಿ ಒದ್ದೆಯಾಗುತ್ತದೆ, ಅದಕ್ಕೇ ದಾರಿಯಲ್ಲಿ ನಿಲ್ಲಿಸಿ ಕುಡಿಸಬೇಕು. ಯರಗಟ್ಟಿ, ಬಾಗಲಕೋಟೆ, ಆಮೇಲೆ ಕೊಲ್ಹಾರ ಸೇತುವೆ ದಾಟಿದ ಮೇಲೆ ಒಮ್ಮೆ. ಕುಡಿಯದ ಹಕ್ಕಿಯ ಪೆಟ್ಟಿಗೆಗೆ ಗುರುತು ಹಾಕಿ, ಮುಂದಿನ ನಿಲುಗಡೆಯಲ್ಲಿ ಅದನ್ನೇ ಮೊದಲು ನೋಡಿ. ಕಾಳಿನ ಚಿಂತೆ ಬೇಡ. ಹೊರಡುವ ನಾಲ್ಕೈದು ತಾಸು ಮೊದಲು ಸ್ವಲ್ಪ ಜೋಳ ಸಾಕು, ಗಂಟಲ ಚೀಲ ತುಂಬ ಕಾಳು ತಿಂದು ಹೊರಟ ಹಕ್ಕಿ ಕುಲುಕಾಟಕ್ಕೆ ಕಕ್ಕುತ್ತದೆ.

ಪೆಟ್ಟಿಗೆ ದೊಡ್ಡದಿದ್ದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ನಿಲ್ಲಲು, ತಿರುಗಲು ಜಾಗ ಬೇಕು, ರೆಕ್ಕೆ ಬಡಿಯುವಷ್ಟು ಬೇಡ, ಬಡಿದರೆ ಗರಿ ಮುರಿಯುತ್ತದೆ. ಗಾಳಿಯ ತೂತು ನಾಲ್ಕೂ ಬದಿಗಿರಲಿ, ಒಂದರ ಪಕ್ಕ ಒಂದು ಪೆಟ್ಟಿಗೆ ಒತ್ತಿ ಇಟ್ಟರೆ ತೂತು ಮುಚ್ಚಿಹೋಗುತ್ತದೆ, ನಡುವೆ ಕಟ್ಟಿಗೆಯ ಪಟ್ಟಿ ಹಾಕಿ. ಎರಡು ಗಂಡು ಒಂದೇ ಪೆಟ್ಟಿಗೆಯಲ್ಲಿ ಬೇಡ, ತಲೆ ಕುಕ್ಕಿ ರಕ್ತ ಬರಿಸುತ್ತವೆ. ಬಾಗಿಲಿಗೆ ಕೊಂಡಿ ಗಟ್ಟಿ ಇರಲಿ. ದಾರಿಯಲ್ಲಿ ಹೋಮರ್ ತಪ್ಪಿಸಿಕೊಂಡರೆ ಅದು ಹೊಸ ಮಾಲೀಕನ ಹತ್ತಿರ ಹೋಗಲ್ಲ, ಮಾರಿದವನ ಮಾಳಿಗೆಗೇ ವಾಪಸ್ ಹೋಗುತ್ತದೆ. ಆಮೇಲೆ ಅವರಿಬ್ಬರ ಜಗಳದ ನಡುವೆ ನೀವು.

ಬೇಡ ಅನ್ನಬೇಕಾದ ಹಕ್ಕಿಗಳ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಕತ್ತು ತಿರುಚಿಕೊಂಡಿದೆ, ಹಸಿರು ನೀರು ನೀರಾಗಿ ಹಿಕ್ಕೆ ಹಾಕುತ್ತಿದೆ, ಕಾಳಿಗೆ ಕೊಕ್ಕು ಹಾಕಿದರೆ ಗುರಿ ತಪ್ಪುತ್ತಿದೆ ಅಂದರೆ ಅದು ಪ್ಯಾರಾಮಿಕ್ಸೊ ವೈರಸ್ ಇರಬಹುದು. ಅಂಥ ಒಂದು ಹಕ್ಕಿ ಹತ್ತಿಸಿಕೊಂಡರೆ ಗಾಡಿಯಲ್ಲಿರುವ ಎಲ್ಲ ಹಕ್ಕಿ, ಅವು ಹೋಗಿ ಸೇರುವ ಎಲ್ಲ ಗೂಡು, ಎಲ್ಲಕ್ಕೂ ನೀವೇ ರೋಗ ಹಂಚಿದ ಹಾಗೆ. ಬಾಯೊಳಗೆ ಹಳದಿ ಗಟ್ಟಿ ಇದ್ದರೆ ಕ್ಯಾಂಕರ್ ಅನ್ನೋ ಬಾಯಿ-ಗಂಟಲ ರೋಗ, ಕಣ್ಣು-ಕೊಕ್ಕಿನ ಸುತ್ತ ಗುಳ್ಳೆ ಇದ್ದರೆ ಪಾಕ್ಸ್. ಎರಡಕ್ಕೂ ಬೇಡ ಅನ್ನಿ. ಹಕ್ಕಿ ಕಳಿಸುವವರು "ಸುಮ್ನೆ ಒಯ್ಯಿ ಅಣ್ಣಾ, ಏನಾಗಲ್ಲ" ಅಂತಾರೆ. ಒಯ್ಯಬೇಡಿ. ಪ್ರತಿ ಸಲ ಪೆಟ್ಟಿಗೆ ತೊಳೆದು, ಬ್ಲೀಚಿಂಗ್ ನೀರು ಹಾಕಿ, ಬಿಸಿಲಲ್ಲಿ ಒಣಗಿಸಿ. ಹಿಕ್ಕೆ ಗುಡಿಸುವಾಗ ಬಾಯಿಗೆ ಮಾಸ್ಕ್ ಕಟ್ಟಿ, ಆ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಪುಪ್ಪುಸ ಹಾಳಾಗುತ್ತದೆ.

ಮರಿ, ಮೊಟ್ಟೆ ಇರುವ ಜೋಡಿಯನ್ನೂ ತಗೋಬೇಡಿ. ಮೊಟ್ಟೆಗೆ 17–18 ದಿನ ಗಂಡು-ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ, ಮರಿ ಹೊರಬಂದ ಮೇಲೆ ಗಂಟಲ ಚೀಲದಲ್ಲಿ ಊರುವ ಹಾಲಿನಂಥ ಆಹಾರವನ್ನು ಎರಡೂ ಕುಡಿಸುತ್ತವೆ. ನಡುವೆ ಜೋಡಿ ಎತ್ತಿದರೆ ಗೂಡಲ್ಲಿ ಉಳಿದದ್ದು ಸಾಯುತ್ತದೆ. ಫೋನಿನಲ್ಲಿ ಬುಕಿಂಗ್ ಮಾಡುವಾಗಲೇ ಕೇಳಿ. ಮರಿಯಾದರೆ ತಾನಾಗಿ ಕಾಳು ತಿಂದು ನೀರು ಕುಡಿಯುವಂತಾಗಿರಬೇಕು, ಅದಕ್ಕೆ ತಿಂಗಳ ಮೇಲೆಯೇ ಆಗುತ್ತದೆ.

ಇನ್ನು ಕಾನೂನು. ನಾವು ಒಯ್ಯೋದು ಸಾಕಿದ ಪಾರಿವಾಳ ಮಾತ್ರ. ಆದರೆ "ಜೊತೆಗೆ ಒಂದು ಗಿಳಿ ಐತಿ, ಒಯ್ತೀರೇನು?" ಅಂತ ಕೇಳುವವರು ಖಂಡಿತ ಸಿಗುತ್ತಾರೆ. ನಮ್ಮ ಹಸಿರು ಗಿಳಿ, ಮೈನಾ, ಮುನಿಯಾ, ಕಾಡಿನ ಬೆಳವ, ಇವೆಲ್ಲ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಣೆ ಇರುವ ಹಕ್ಕಿಗಳು. ಸಾಕೋದೇ ತಪ್ಪು, ಸಾಗಿಸೋದು ಇನ್ನೂ ತಪ್ಪು. ಹಿಂಸೆಯಾಗುವ ರೀತಿ ಸಾಗಿಸಿದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಹಕ್ಕಿ ಕೊಂಡು ಮಾರುವ ವ್ಯಾಪಾರಕ್ಕೂ ಕೈ ಹಾಕಿದರೆ 2018ರ ಸಾಕುಪ್ರಾಣಿ ಅಂಗಡಿ ನಿಯಮದಂತೆ ನೋಂದಣಿ ಬೇಕಾಗುತ್ತದೆ, ಅದಕ್ಕೇ ಸಾಗಣೆಯನ್ನಷ್ಟೇ ಮಾಡಿ. ಗಾಡಿ ಹಳದಿ ಬೋರ್ಡಿನದೇ ಇರಲಿ, ಒಟ್ಟು ತೂಕ 3,000 ಕೆಜಿ ಒಳಗಿದ್ದರೆ ಸರಕು ಪರ್ಮಿಟ್ ಬೇಕಿಲ್ಲ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಆನ್‌ಲೈನ್‌ನಲ್ಲಿ ಪುಕ್ಕಟೆ, ಅದಕ್ಕೆ ಯಾರಿಗೂ ರೊಕ್ಕ ಕೊಡಬೇಡಿ. ಜಿಎಸ್‌ಟಿ ಮಾತು ವರ್ಷದ ವಹಿವಾಟು 20 ಲಕ್ಷ ದಾಟಿದಾಗ ನೋಡೋಣ.

ಕೊಲ್ಹಾಪುರ, ಮೀರಜ್, ಸೊಲ್ಲಾಪುರದಿಂದ ಆರ್ಡರ್ ಜಾಸ್ತಿ ಬರುತ್ತವೆ, ಆಸೆಯೂ ಆಗುತ್ತದೆ. ಮೊದಲ ವರ್ಷ ಬೇಡ ಅನ್ನೋದು ನನ್ನ ಅಭಿಪ್ರಾಯ. ದೇಶದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ನವಾಪುರದಲ್ಲಿ. ಆಮೇಲೆ ಎಲ್ಲಿ ಕಂಡರೂ ಮೊದಲು ಬಿಗಿಯಾಗೋದು ಗಡಿಯ ತಪಾಸಣೆ. ನಿಪ್ಪಾಣಿ ಹತ್ತಿರ ಕೊಗನೊಳ್ಳಿಯಲ್ಲಿ ಗಾಡಿ ತಡೆದು ನಿಲ್ಲಿಸಿದರೆ ಹಕ್ಕಿ ಪೆಟ್ಟಿಗೆಯಲ್ಲೇ ಒಣಗಬೇಕು. ನಿಮ್ಮ ತಾಲ್ಲೂಕಿನ ಪಶು ವೈದ್ಯರ ಪರಿಚಯ ಮಾಡಿಕೊಳ್ಳಿ, ದೂರದ ಲೋಡ್ ಇದ್ದಾಗ ಆರೋಗ್ಯ ಪ್ರಮಾಣಪತ್ರ ಬರೆಸಿಕೊಳ್ಳಿ.

ಈಗ ಎಲ್ಲರೂ ಕಾಯುತ್ತಿರುವ ರೊಕ್ಕದ ಮಾತು. ಬೆಳಗಾವಿಯಿಂದ ಬಾಗಲಕೋಟೆ ಮೇಲೆ ವಿಜಯಪುರಕ್ಕೆ ಹೋಗಿ ಬರಲು 450 ಕಿಲೋಮೀಟರ್ ಇಟ್ಟುಕೊಳ್ಳಿ. ಸಣ್ಣ ವ್ಯಾನು ಲೀಟರಿಗೆ 15 ಓಡಿದರೆ 30 ಲೀಟರ್ ಪೆಟ್ರೋಲ್, ಲೀಟರಿಗೆ 100 ಅಂತ ಹಿಡಿದರೂ 3,000 ರೂಪಾಯಿ. ಹಕ್ಕಿಗೆ 150 ತಗೊಂಡರೆ 20 ಹಕ್ಕಿ ಬರೀ ಪೆಟ್ರೋಲಿಗೇ ಹೋಯ್ತು. ನಿಮ್ಮ ನಿದ್ದೆಗೆಟ್ಟ ರಾತ್ರಿ, ಜೊತೆಗೆ ಬಂದ ಹುಡುಗನ ಕೂಲಿ, ಟೈರು, ಇನ್ಶುರೆನ್ಸ್ ಇನ್ನೂ ಬಂದಿಲ್ಲ. ಹಾಗಾಗಿ ಒಂದು ಜೋಡಿಗೋಸ್ಕರ ಗಾಡಿ ತೆಗೆಯುವ ಮಾತೇ ಇಲ್ಲ. ವಾರಕ್ಕೆ ಒಂದು ದಿನ ಗೊತ್ತು ಮಾಡಿ, ಅರ್ಧ ಬಾಡಿಗೆ ಮುಂಗಡ ತಗೊಂಡು, ಎರಡೂ ಕಡೆಯ ಬುಕಿಂಗ್ ಸೇರಿದಾಗ ಮಾತ್ರ ಹೊರಡಿ. ಹೋಗುವಾಗಿನ ಬಾಡಿಗೆಯಲ್ಲಿ ಖರ್ಚು, ಬರುವಾಗಿನದರಲ್ಲಿ ನಿಮ್ಮ ದುಡಿಮೆ. ವಾಪಸ್ ಲೋಡ್ ಇಲ್ಲದ ದಾರಿ ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟುಬಿಡಿ.

ಹಕ್ಕಿಯ ಬೆಲೆಯನ್ನೂ ನೀವೇ ವಸೂಲಿ ಮಾಡಿ ತಂದುಕೊಡಿ ಅಂತ ಕೇಳುತ್ತಾರೆ. ಒಪ್ಪಬೇಡಿ. ವಿಡಿಯೊದಲ್ಲಿ ಕಂಡ ಹಕ್ಕಿಯೇ ಬೇರೆ, ಬಂದದ್ದೇ ಬೇರೆ ಅಂತ ಗಲಾಟೆಯಾದರೆ ರೊಕ್ಕ ಹಿಡಿದವನು ನೀವೇ ಆಗಿರುತ್ತೀರಿ. ನಿಮ್ಮ ಚೀಟಿಯಲ್ಲಿ ಇರಬೇಕಾದದ್ದು ಕಳಿಸುವವರು, ಪಡೆಯುವವರು, ಅವರ ಫೋನ್, ಹಕ್ಕಿಯ ಬಣ್ಣ, ಕಾಲಿನ ರಿಂಗಿನ ನಂಬರ್. ಆ ನಂಬರ್ ಬಹಳ ಮುಖ್ಯ. ಬೇರೆಯವರ ಮಾಳಿಗೆಯಿಂದ ಹಿಡಿದ ಹಕ್ಕಿಯನ್ನು ದೂರದ ಊರಿಗೆ ದಾಟಿಸಲು ನಿಮ್ಮ ಗಾಡಿಯನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಹತ್ತಿಸುವಾಗ ಒಂದು ವಿಡಿಯೊ, ಇಳಿಸುವಾಗ ಒಂದು ವಿಡಿಯೊ, ಎರಡರಲ್ಲೂ ಕಣ್ಣು, ಮೂಗು, ರೆಕ್ಕೆ ಕಾಣಬೇಕು. ನನ್ನ ಗಾಡಿಯಲ್ಲಿ ಸತ್ತರೆ ಬಾಡಿಗೆ ವಾಪಸ್, ಮೊದಲೇ ಬರೆದುಕೊಂಡ ಮೊತ್ತದವರೆಗೆ ಹಕ್ಕಿಯ ಬೆಲೆಯೂ ಕೊಡುತ್ತೇನೆ. ಈ ಮಾತು ಕೊಡಲು ಧೈರ್ಯ ಇಲ್ಲದವರು ಬೇರೆಯವರ ಹಕ್ಕಿ ಒಯ್ಯಬಾರದು ಅಂತ ನಾನು ಖಡಾಖಂಡಿತ ಹೇಳುತ್ತೇನೆ. ಹೊಸ ಹಕ್ಕಿಯನ್ನು ಎರಡು ವಾರ ಬೇರೆ ಇಡಿ ಅಂತ ಇಳಿಸುವಾಗ ಹೇಳೋದನ್ನೂ ಮರೆಯಬೇಡಿ.

ಇಷ್ಟು ಓದಿಯೂ ಮನಸ್ಸಿದ್ದರೆ ದಸರೆ ಮುಗಿಯಲಿ. ಮಳೆ ನಿಂತು, ಬಿಸಿಲು ತಗ್ಗಿದ ಒಂದು ರಾತ್ರಿ ನಿಮ್ಮದೇ ಹಕ್ಕಿಗಳನ್ನು ಹಾಕಿಕೊಂಡು ಆ ದಾರಿಯಲ್ಲಿ ಪೂರ್ತಿ ಹೋಗಿ ಬನ್ನಿ, ಬಾಡಿಗೆ ಹಕ್ಕಿ ಒಂದೂ ಬೇಡ. ಖಾಲಿ ಪೆಟ್ಟಿಗೆಗಳನ್ನೂ ತುಂಬಿಕೊಂಡು, ಎಲ್ಲಕ್ಕಿಂತ ಹಿಂದೆ, ನಡುವಿನ ಪೆಟ್ಟಿಗೆಯಲ್ಲಿ ಒಂದು ಥರ್ಮಾಮೀಟರ್ ಇಡಿ. ಪ್ರತಿ ನಿಲುಗಡೆಯಲ್ಲಿ ಅದರ ಅಂಕಿ ಬರೆದುಕೊಳ್ಳಿ. ಹೊರಗಿನ ಕಾವಿಗೂ ಅದಕ್ಕೂ ಎಷ್ಟು ಅಂತರ ಬರುತ್ತದೆ ನೋಡಿ, ಆಮೇಲೆ ಗಾಡಿಯಲ್ಲಿ ಎಷ್ಟು ಪೆಟ್ಟಿಗೆ ಇಡಬಹುದು ಅಂತ ಲೆಕ್ಕ ಹಾಕೋಣ. ಆ ಅಂಕಿ ಕೈಯಲ್ಲಿ ಹಿಡಿದು ನನಗೆ ಫೋನ್ ಮಾಡಿ.