ಹಟಮಾರಿ ಮಕ್ಕಳನ್ನು ಒಟ್ಟಿಗೆ ಸೇರಿಸಿದರೆ ಇನ್ನಷ್ಟು ಕೆಡುವುದಿಲ್ಲವೇ?

ಮಕ್ಕಳು ಒಟ್ಟಿಗೆ ಕಲೆತು ಮನಸ್ಸಿನಲ್ಲಿದ್ದುದನ್ನು ಹೇಳಿಕೊಳ್ಳಲೆಂದು ಕಾರವಾರದಲ್ಲಿ ನಾವು ನಡೆಸುವ ಶನಿವಾರದ ಗುಂಪಿಗೆ ಮಕ್ಕಳನ್ನು ಸೇರಿಸಲು ಬರುವ ತಾಯಂದಿರು ಇದನ್ನು ಕೇಳದೆ ಒಳಗೆ ಬರುವುದಿಲ್ಲ. "ಇವನೇ ಎಲ್ಲರ ಮೇಲೆ ಕೈಮಾಡುತ್ತಾನೆ. ಅಂಥವರ ಜೊತೆಗೇ ಬಿಟ್ಟರೆ ಗತಿಯೇನು?" ಕೆಡಬಹುದು, ಅಮ್ಮ. ನಿಮ್ಮ ಭಯಕ್ಕೆ ಆಧಾರವಿದೆ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಶುರುವಾದ ಒಂದು ಪ್ರಯೋಗದಲ್ಲಿ, ಹುಡುಗರು ದಾರಿ ತಪ್ಪದಿರಲೆಂದು ಸಲಹೆಗಾರರು ವರ್ಷಗಟ್ಟಲೆ ಅವರ ಬೆನ್ನಿಗೆ ನಿಂತರು. ಸುಮಾರು 30 ವರ್ಷಗಳ ಬಳಿಕ ಸಂಶೋಧಕಿ ಜೋನ್ ಮೆಕಾರ್ಡ್ ಆ ಹುಡುಗರನ್ನು ಹುಡುಕಿ ವಿಚಾರಿಸಿದಾಗ, ನೆರವು ಪಡೆದವರ ಸ್ಥಿತಿಯೇ ಪಡೆಯದವರಿಗಿಂತ ಹಲವು ವಿಷಯಗಳಲ್ಲಿ ಹದಗೆಟ್ಟಿತ್ತು. ನೆರವು ಪಡೆದವರಲ್ಲೂ, ಇತರ ಹುಡುಗರೊಡನೆ ಬೇಸಿಗೆ ಶಿಬಿರಕ್ಕೆ ಮತ್ತೆ ಮತ್ತೆ ಹೋದವರಲ್ಲಿ ಹಾನಿ ಹೆಚ್ಚು ಕಂಡಿತೆಂದು 1999ರಲ್ಲಿ ಮೆಕಾರ್ಡ್ ಮನಶ್ಶಾಸ್ತ್ರಜ್ಞ ಥಾಮಸ್ ಡಿಶನ್ ಮುಂತಾದವರೊಡನೆ ಬರೆದರು. ಕಾರಣವಾಗಿ ಅವರು ಬೊಟ್ಟು ಮಾಡಿದ್ದು ನಗುವಿನತ್ತ. ಒಬ್ಬ ಕಿಟಕಿಯ ಗಾಜು ಒಡೆದ ಕಥೆ ಹೇಳುತ್ತಾನೆ, ಉಳಿದವರು ನಗುತ್ತಾರೆ, ಮುಂದಿನ ವಾರ ಅವನಿಗೆ ಇನ್ನೂ ದೊಡ್ಡ ಕಥೆ ಬೇಕಾಗುತ್ತದೆ.

ಆದ್ದರಿಂದ ಕೈಮಾಡುವವರನ್ನಷ್ಟೇ ಆರಿಸಿ ಗುಂಪು ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಸಿಟ್ಟಿನ ಹುಡುಗನ ಪಕ್ಕದಲ್ಲಿ ಬಾಯೇ ಬಿಡದ ಹುಡುಗಿ ಇರುತ್ತಾಳೆ, ಯಾವ ತೊಂದರೆಯೂ ಇಲ್ಲದ ಓರಗೆಯವರೂ ಇರುತ್ತಾರೆ. ಎಂಟು ಮಕ್ಕಳಿಗಿಂತ ಹೆಚ್ಚಿಲ್ಲ, ಇಬ್ಬರು ದೊಡ್ಡವರು. ನಿಗಾ ಬೇಕಾಗುವುದು ಚಟುವಟಿಕೆ ನಡೆಯುವಾಗಲ್ಲ. ಚಪ್ಪಲಿ ಬಿಡುವಾಗ, ನೀರು ಕುಡಿಯುವಾಗ, ಬಸ್ಸಿಗೆ ಕಾಯುವಾಗ. ಆ ನಗು ಹುಟ್ಟುವುದು ಅಲ್ಲಿಯೇ.

ಗುಂಪಿನಿಂದಷ್ಟೇ ಸಿಗುವುದೂ ಒಂದಿದೆ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗೆ ಹೋಗುವ ಅಪ್ಪ ಮನೆಯಲ್ಲಿ, ಕೈಯಲ್ಲಿ ಕಾಸಿಲ್ಲ, ಮಾತು ಮಾತಿಗೆ ಜಗಳ. ಅದೇ ಹೊತ್ತಿಗೆ ಶಾಲೆ ಶುರುವಾಗಿ, ಹುಡುಗ ತರಗತಿಯಲ್ಲಿ ಬೆಂಚು ಒದೆಯುತ್ತಾನೆ. ಏಕೆಂದು ನಾನು ಕೇಳಿದರೆ ತಲೆ ತಗ್ಗಿಸುತ್ತಾನೆ. ಓರಗೆಯವನೊಬ್ಬ "ನಮ್ಮನೆಯಲ್ಲೂ ಹಾಗೇ" ಎಂದರೆ ಸಾಕು, ಮಾತು ಹೊರಬರುತ್ತದೆ. ಆ ಮಾತನ್ನು ನನ್ನಿಂದ ಆಡಲಾಗದು.

ಗುಂಪು ಚಿಕಿತ್ಸೆಗೆ ಬದಲಿಯಲ್ಲ. ಮಗು ಸಾಯುವ ಮಾತಾಡಿದರೆ, ಮೈಗೆ ಗಾಯ ಮಾಡಿಕೊಂಡರೆ ಶನಿವಾರದವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ವೈದ್ಯರನ್ನು ಕಾಣಿ.

ಸೇರಿಸುವ ಮುನ್ನ, ನಮ್ಮ ಗುಂಪೇ ಇರಲಿ ಬೇರೆಯದೇ ಇರಲಿ, ನಡೆಸುವವರನ್ನು ಕೇಳಿ: ಮಕ್ಕಳನ್ನು ಹೇಗೆ ಆರಿಸಿದಿರಿ? ಬಸ್ ಬರುವವರೆಗೆ ಅವರ ಜೊತೆ ಯಾರಿರುತ್ತಾರೆ? ಉತ್ತರ ತಡವರಿಸಿದರೆ ಮಗನನ್ನು ಮನೆಗೆ ಕರೆದುಕೊಂಡು ಹೋಗಿ.