ನಲವತ್ತೆಂಟನೇ ಹಲ್ಲು

ಮೊದಲ ಸಲ ಅದು ತನ್ನ ಇರುವನ್ನು ತೋರಿಸಿದ್ದು ಮಂಡಕ್ಕಿ ತಿನ್ನುವಾಗ. ದಾವಣಗೆರೆಯಲ್ಲಿ ಸಂಜೆ ಅಂದರೆ ಮಂಡಕ್ಕಿ ಮಿರ್ಚಿ. ಕಾಲೇಜು ಮುಗಿಸಿ ಹರಿಹರದ ಬಸ್ಸು ಹತ್ತುವ ಮುಂಚೆ ನಾವು ನಾಲ್ಕು ಜನ ಲೆಕ್ಚರರುಗಳು ಒಂದು ಗಾಡಿಯ ಮುಂದೆ ನಿಂತೇ ನಿಲ್ಲುತ್ತೇವೆ. ಅವತ್ತು ಒಂದೇ ಒಂದು ಮಂಡಕ್ಕಿ ಬಲಗಡೆ ಕೆಳದವಡೆಯ ತೀರಾ ಹಿಂದಕ್ಕೆ ಹೋಗಿ ಸಿಕ್ಕಿಕೊಂಡಿತು. ನಾಲಿಗೆ ಹಾಕಿ ತಡಕಿದರೆ ಅಲ್ಲೊಂದು ಒಸಡಿನ ಚೀಲ, ಚೀಲದ ಬಾಯಲ್ಲಿ ಹಲ್ಲಿನ ಮೊನೆ. ಮೂವತ್ತೊಂದನೇ ವಯಸ್ಸಿಗೆ ಹಲ್ಲು ಬರುತ್ತಿದೆ ಅಂತ ಮನೆಗೆ ಹೋಗಿ ಹೇಳಿದಾಗ ಅಮ್ಮ ನಕ್ಕಿದ್ದೇ ನಕ್ಕಿದ್ದು.

ಮರುದಿನ ನಗು ಇರಲಿಲ್ಲ. ಬಾಯಿ ಎರಡು ಬೆರಳಿಗಿಂತ ಜಾಸ್ತಿ ತೆರೆಯುತ್ತಿರಲಿಲ್ಲ. ಎಂಜಲು ನುಂಗಿದರೆ ಕಿವಿಯೊಳಗೆ ಯಾರೋ ಕಡ್ಡಿ ತಿರುವಿದ ಹಾಗೆ. ಲವಂಗ ಕಚ್ಚಿದೆ, ಉಪ್ಪುನೀರು ಮುಕ್ಕಳಿಸಿದೆ, ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ನುಂಗಿದೆ. ನಾಲ್ಕನೇ ದಿನ ಎದ್ದರೆ ನೋವು ಹೇಳದೆ ಕೇಳದೆ ಹೋಗಿಬಿಟ್ಟಿತ್ತು.

ಅದು ಹಾಗೆ ಹೋಗಿದ್ದೇ ನನಗೆ ಆದ ಮೋಸ. ಬಂದ ನೋವು ಬಿಡದೆ ಕೂತಿದ್ದರೆ ಯಾವತ್ತೋ ಡಾಕ್ಟರ ಹತ್ತಿರ ಹೋಗಿರುತ್ತಿದ್ದೆ. ಇದು ನೆಂಟರ ಹಾಗೆ ಬಂದು ನಾಲ್ಕು ದಿನ ಇದ್ದು ಹೊರಡುತ್ತಿತ್ತು. ಹೊರಟ ಮೇಲೆ ಅದರ ನೆನಪೂ ಇರುತ್ತಿರಲಿಲ್ಲ. ಮೂರು ವರ್ಷದಲ್ಲಿ ಐದು ಸಲ ಬಂತು. ಒಂದು ಸಲ ಪರೀಕ್ಷೆ ಡ್ಯೂಟಿ, ಒಂದು ಸಲ ಮೌಲ್ಯಮಾಪನ, ಒಂದು ಸಲ ತಂಗಿಯ ಮದುವೆ. ‘ಪರೀಕ್ಷೆ ಮುಗೀಲಿ’ ಅನ್ನುವುದು ನನ್ನ ಬಾಯಲ್ಲಿ ಕೂತುಬಿಟ್ಟಿತ್ತು. ಪಿಯು ಕಾಲೇಜಿನಲ್ಲಿ ಪರೀಕ್ಷೆ ಮುಗಿಯುವುದು ಅಂತ ಒಂದಿಲ್ಲ. ಒಂದು ಮುಗಿದರೆ ಇನ್ನೊಂದು. ಜೊತೆಗೆ ಅಪ್ಪನದು ಬೇರೆ: ದವಡೆ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ, ನಮ್ಮ ಚಿಕ್ಕಪ್ಪನಿಗೆ ಆಗಿಲ್ವಾ ಅಂತ. ಚಿಕ್ಕಪ್ಪನಿಗೆ ಆಗಿದ್ದು ಕ್ಯಾಟರಾಕ್ಟು, ಅದೂ ಎಪ್ಪತ್ತನೇ ವಯಸ್ಸಿನಲ್ಲಿ. ಹಲ್ಲಿಗೂ ಕಣ್ಣಿಗೂ ಸಂಬಂಧವಿಲ್ಲ ಅಂತ ನನಗೆ ಗೊತ್ತು. ಗೊತ್ತಿದ್ದೂ ಆ ಮಾತು ನನಗೆ ಅನುಕೂಲವಾಗಿಯೇ ಇತ್ತು.

ನಾಚಿಕೆಯ ವಿಷಯ ಏನೆಂದರೆ ನಾನು ಪಾಠ ಮಾಡುವುದು ಜೀವಶಾಸ್ತ್ರ. ಮನುಷ್ಯನ ದಂತಸೂತ್ರ 2123, ಅಂದರೆ ದವಡೆಯ ಒಂದೊಂದು ಅರ್ಧಕ್ಕೆ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ಮುಂದವಡೆ ಹಲ್ಲು, ಮೂರು ದವಡೆ ಹಲ್ಲು, ಮೇಲೂ ಅಷ್ಟೇ ಕೆಳಗೂ ಅಷ್ಟೇ, ಅಂತ ಎಷ್ಟು ಬ್ಯಾಚಿಗೆ ಬೋರ್ಡಿನ ಮೇಲೆ ಬರೆದಿದ್ದೇನೋ. ಆ ಕೊನೆಯ ಮೂರರಲ್ಲಿ ಮೂರನೆಯದೇ ಈ ಬುದ್ಧಿಹಲ್ಲು. (ಎನ್‌ಸಿಇಆರ್‌ಟಿಯವರು ಪಠ್ಯ ಹಗುರ ಮಾಡುವಾಗ ಆ ಜೀರ್ಣಕ್ರಿಯೆಯ ಅಧ್ಯಾಯವನ್ನೇ ತೆಗೆದುಹಾಕಿದರು. ನನ್ನ ಹಲ್ಲನ್ನು ತೆಗೆಯುವವರು ಇರಲಿಲ್ಲ.)

ಐದನೇ ಸಲ ಜ್ವರ ಬಂತು. ದವಡೆಯ ಕೆಳಗೆ ಗಡ್ಡೆ ಕಟ್ಟಿ ಕತ್ತು ತಿರುಗಿಸಲು ಆಗಲಿಲ್ಲ. ದಾವಣಗೆರೆಯಲ್ಲಿ ಒಂದಲ್ಲ, ಎರಡು ದಂತ ಕಾಲೇಜುಗಳಿವೆ. ಎಲ್ಲೆಲ್ಲಿಂದಲೋ ಹುಡುಗರು ಇಲ್ಲಿಗೆ ಬಂದು ಹಲ್ಲು ಕೀಳುವುದನ್ನು ಕಲಿತು ಹೋಗುತ್ತಾರೆ. ಅದೇ ಊರಿನಲ್ಲಿ ದುಡಿಯುವ ನಾನು ಮೂರು ವರ್ಷ ಲವಂಗ ಕಚ್ಚಿಕೊಂಡು ಓಡಾಡಿದ್ದೆ. ಅವುಗಳಲ್ಲಿ ಒಂದಕ್ಕೆ ಹೋಗಿ ಚೀಟಿ ಮಾಡಿಸಿದೆ.

ಎಕ್ಸ್‌ರೇ ಕೋಣೆಯಲ್ಲಿ ನಿಲ್ಲಿಸಿ, ಗದ್ದವನ್ನು ಒಂದು ಗೂಟದ ಮೇಲೆ ಇಡಿಸಿ, ಮುಂದಿನ ಹಲ್ಲಲ್ಲಿ ಪ್ಲಾಸ್ಟಿಕ್ ತುಂಡೊಂದನ್ನು ಕಚ್ಚಿಸಿದರು. ಯಂತ್ರ ಗುಂಯ್ ಅಂತ ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ಒಪಿಜಿ ಅನ್ನುತ್ತಾರೆ, ಎರಡೂ ದವಡೆ ಬಿಡಿಸಿಟ್ಟ ಹಾಗೆ ಒಂದೇ ಚಿತ್ರದಲ್ಲಿ ಬರುತ್ತದೆ. ಪಿಜಿ ಮಾಡುತ್ತಿದ್ದ ಡಾಕ್ಟರಮ್ಮ ಅದನ್ನು ನೋಡಿ ಪಕ್ಕದವರಿಗೆ, ‘ಫಾರ್ಟಿ ಏಯ್ಟ್, ಪೂರ್ತಿ ಮಲಗಿದೆ’ ಅಂದರು. ಮೂವತ್ತೆರಡು ಹಲ್ಲಿನ ಬಾಯಲ್ಲಿ ನಲವತ್ತೆಂಟನೆಯದು ಎಲ್ಲಿಂದ ಬಂತು? ಕೇಳಿದೆ. ಬಾಯನ್ನು ನಾಲ್ಕು ಪಾಲು ಮಾಡುತ್ತಾರಂತೆ, ಬಲ ಕೆಳಗಿನದು ನಾಲ್ಕನೇ ಪಾಲು, ಅದರಲ್ಲಿ ನಡುವಿನಿಂದ ಎಣಿಸಿದರೆ ಎಂಟನೇ ಹಲ್ಲು. ಅದಕ್ಕೇ 48.

ಚಿತ್ರದಲ್ಲಿ ಉಳಿದ ಹಲ್ಲುಗಳೆಲ್ಲ ಸಾಲಾಗಿ ನಿಂತಿದ್ದರೆ ಇದೊಂದು ಅಡ್ಡಡ್ಡ ಮಲಗಿ ಮುಂದಿನ ಹಲ್ಲಿನ ಬೆನ್ನಿಗೆ ತಲೆ ಕೊಟ್ಟಿತ್ತು. ಹರಿಹರದ ಬಸ್ಸಿಗೆ ಕೊನೆಯಲ್ಲಿ ಹತ್ತಿದವರು ಜಾಗವಿಲ್ಲದೆ ಮುಂದಿನವರ ಮೈಮೇಲೆ ಬೀಳುತ್ತಾರಲ್ಲ, ಹಾಗೆ. ಅದರ ಬೇರಿನ ಅಡಿಯಲ್ಲಿ ಎರಡು ತೆಳು ಬಿಳಿ ಗೆರೆಗಳು ಉದ್ದಕ್ಕೆ ಓಡಿದ್ದವು. ನಡುವೆ ಇರುವುದು ನರದ ಕಾಲುವೆ. ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ. ‘ಅದಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದ ಹಾಗೆ ಉಳೀಬಹುದು ಮೇಡಂ. ಹೆಚ್ಚಾಗಿ ಸರಿಹೋಗುತ್ತೆ, ಅಪರೂಪಕ್ಕೆ ಹೋಗಲ್ಲ,’ ಅಂತ ಹೇಳಿ ಸಹಿ ಮಾಡಿಸಿಕೊಂಡರು. ಇಪ್ಪತ್ತೆರಡಕ್ಕೇ ಬಂದಿದ್ದರೆ ಬೇರು ಇನ್ನೂ ಪೂರ್ತಿ ಬಲಿತಿರುತ್ತಿರಲಿಲ್ಲ, ಮೂಳೆಯೂ ಇಷ್ಟು ಗಟ್ಟಿ ಇರುತ್ತಿರಲಿಲ್ಲ ಅಂತಲೂ ಅಂದರು.

ನಿಜವಾದ ಏಟು ಬಿದ್ದಿದ್ದು ಅಲ್ಲಲ್ಲ. ಮುಂದಿನ 47ನೇ ಹಲ್ಲಿನ ಹಿಂಭಾಗದಲ್ಲಿ ಒಂದು ಕಪ್ಪು ಗುಳಿ ಇತ್ತು. ಮೂರು ವರ್ಷ ಆ ಸಂದಿಯಲ್ಲಿ ಕೂತ ಅನ್ನ, ಮಂಡಕ್ಕಿ ಎಲ್ಲ ಸೇರಿ ಸದ್ದಿಲ್ಲದೆ ಹುಳುಕು ಮಾಡಿಟ್ಟಿತ್ತು. ಬ್ರಷ್ ಹೋಗದ ಜಾಗ. ನೋವು ಇಲ್ಲ ಅಂತ ನಾನು ನಿಶ್ಚಿಂತೆಯಾಗಿದ್ದ ತಿಂಗಳುಗಳಲ್ಲಿಯೂ ಅದು ರಜೆ ಹಾಕದೆ ಕೆಲಸ ಮಾಡಿತ್ತು. ಏನೂ ತಪ್ಪು ಮಾಡದ ಹಲ್ಲಿಗೆ ರೂಟ್ ಕೆನಾಲ್.

ಊತ ಇರುವಾಗ ಕೀಳುವುದಿಲ್ಲ, ಕೀವು ಇದ್ದ ಕಡೆ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ ಅಂತ ಐದು ದಿನದ ಮಾತ್ರೆ ಕೊಟ್ಟು ಕಳಿಸಿದರು. ಐದನೇ ದಿನಕ್ಕೆ ನೋವು ಮಾಯ. ಸತ್ಯ ಹೇಳುತ್ತೇನೆ, ಆವತ್ತೂ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಈಗ ನೋವೇ ಇಲ್ಲವಲ್ಲ’ ಅಂದುಕೊಂಡೆ.

ಕುರ್ಚಿಯಲ್ಲಿ ಒರಗಿಸಿದ ಮೇಲೆ, ಸಕ್ಷನ್ ಪೈಪು ಹಿಡಿದು ನಿಂತಿದ್ದ ಇಂಟರ್ನ್ ಹುಡುಗ ಮಾಸ್ಕು ಕೆಳಗಿಳಿಸಿ, ‘ಮೇಡಂ, ನಮಸ್ಕಾರ’ ಅಂದ. ನನ್ನದೇ ವಿದ್ಯಾರ್ಥಿ! ಕೊನೆಯ ಬೆಂಚಿನಲ್ಲಿ ಕೂತು ಗೊಣಗುವವನು. ಬಾಯಿ ಬಿಟ್ಟು ಹೇಳೋ ಅಂತ ಎಷ್ಟು ಸಲ ಗದರಿದ್ದೆನೋ. ಹಸಿರು ಬಟ್ಟೆ ಮುಖದ ಮೇಲೆ ಬಿತ್ತು, ಬಾಯಿಗೊಂದೇ ಕಿಂಡಿ. ಒಳಗಿನಿಂದ ನನಗೆ ಕೇಳಿಸಿದ ಮೊದಲ ಮಾತು ಅವನದೇ: ‘ಮೇಡಂ, ಬಾಯಿ ಇನ್ನೂ ಸ್ವಲ್ಪ ಬಿಡಿ.’

ಇಂಜೆಕ್ಷನ್ ದವಡೆಯ ಹಿಂಬದಿಯಲ್ಲಿ ಆಳಕ್ಕೆ ಹೋಯಿತು. ಎದೆ ಒಂದೆರಡು ನಿಮಿಷ ಡವಡವ ಹೊಡೆದುಕೊಂಡಿತು. ಲಿಗ್ನೋಕೇನ್ ಜೊತೆ ಚೂರು ಅಡ್ರಿನಲಿನ್ ಇರುತ್ತದೆ, 80,000ಕ್ಕೆ 1 ಪಾಲು. ರಕ್ತನಾಳಗಳನ್ನು ಬಿಗಿಮಾಡಿ ಮದ್ದು ಅಲ್ಲೇ ನಿಲ್ಲುವಂತೆ ಮಾಡುತ್ತದೆ. ಅಡ್ರಿನಲಿನ್ ಬಗ್ಗೆ ಪಾಠ ಮಾಡುವುದು ಬೇರೆ, ಅದು ಎದೆಯಲ್ಲಿ ಓಡುವುದು ಬೇರೆ. ‘ತುಟಿ ಭಾರ ಆಯ್ತಾ?’ ಅಂತ ಕೇಳಿದರು. ತುಟಿಯಲ್ಲ, ಅರ್ಧ ಮುಖವೇ ಯಾರದೋ ಆಗಿತ್ತು.

ನೋವಾಗಲಿಲ್ಲ. ಇದನ್ನು ಯಾರು ಹೇಳಿದರೂ ನಾನು ನಂಬಿರಲಿಲ್ಲ. ಆದರೆ ಸದ್ದಿಗೆ ಮದ್ದಿಲ್ಲ. ಒಸಡು ಬಿಡಿಸಿ, ನೀರು ಬಿಡುತ್ತಾ ಮೂಳೆ ಕೊರೆಯುವಾಗ ಆ ಸದ್ದು ಕಿವಿಯಿಂದಲ್ಲ, ತಲೆಬುರುಡೆಯೊಳಗಿಂದಲೇ ಏಳುತ್ತದೆ. ಕೊಂಬು ಸುಟ್ಟಂಥ ಸಣ್ಣ ವಾಸನೆ. ಮಲಗಿದ ಹಲ್ಲು ಇಡಿಯಾಗಿ ಬರುವುದಿಲ್ಲ. ತಲೆಯನ್ನು ಕತ್ತರಿಸಿ ಬೇರೆ ಮಾಡಬೇಕು. ಕೊರೆದ ಗೀರಿನೊಳಗೆ ಉಳಿಯಂಥದ್ದೇನನ್ನೋ ಇಟ್ಟು ತಿರುವಿದಾಗ ‘ಫಟ್’ ಅಂದಿತು, ಕಬ್ಬಿನ ಗಿಣ್ಣು ಮುರಿದ ಹಾಗೆ. ನಾನು ದವಡೆಯೇ ಹೋಯಿತು ಅಂದುಕೊಂಡು ಕುರ್ಚಿಯ ಕೈ ಹಿಡಿದೆ. ‘ಹಲ್ಲು ಮೇಡಂ, ಹಲ್ಲು,’ ಅಂದ ಹುಡುಗ. ಆಮೇಲೆ ಹೊಲದಲ್ಲಿ ಹಾರೆ ಕೊಟ್ಟು ಕಲ್ಲು ಎಬ್ಬಿಸುತ್ತಾರಲ್ಲ, ಅದೇ ಕೆಲಸ. ಕೆಳಗಿನಿಂದ ಒಬ್ಬರು ಗದ್ದಕ್ಕೆ ಅಂಗೈ ಆನಿಸಿ ಹಿಡಿದರೆ ಮೇಲಿನಿಂದ ಒಬ್ಬರು ಮೀಟುತ್ತಿದ್ದರು. ಟ್ರೇಗೆ ಟಣ್ ಅಂತ ಒಂದು ಚೂರು, ಸ್ವಲ್ಪ ಹೊತ್ತಿಗೆ ಇನ್ನೊಂದು. ಮೂರು ಹೊಲಿಗೆ, ಕಪ್ಪು ರೇಷ್ಮೆ ದಾರ. ಒಟ್ಟು ಐವತ್ತು ನಿಮಿಷ. ನಾನು ಅದಕ್ಕಾಗಿ ಹೆದರಿದ್ದು ಮೂರು ವರ್ಷ.

ಹತ್ತಿಬಟ್ಟೆ ಒಂದು ಗಂಟೆ ಕಚ್ಚಿಕೊಂಡಿರಿ, ಇವತ್ತು ಮುಕ್ಕಳಿಸಬೇಡಿ, ಉಗುಳಬೇಡಿ, ಸ್ಟ್ರಾದಲ್ಲಿ ಕುಡಿಯಬೇಡಿ. ಉಗುಳಬಾರದು ಅನ್ನುವುದು ಅಮ್ಮನಿಗೆ ಒಗ್ಗಲಿಲ್ಲ, ರಕ್ತ ನುಂಗುತ್ತಾರೇನೇ ಅಂತ ಗದರಿದಳು. ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರಬೇಕು, ಅದು ಕಿತ್ತುಬಂದರೆ ಒಳಗಿನ ಮೂಳೆ ಬರಿದಾಗಿ ಮೂರ್ನಾಲ್ಕನೇ ದಿನ ಜೀವ ಹೋಗುವಂಥ ನೋವು ಬರುತ್ತದೆ ಅಂತ ಕಾಗದದಲ್ಲಿ ಬರೆದು ತೋರಿಸಿದೆ. ಓದಿ, ‘ಹೆಪ್ಪು ಹಾಕಿದ ಪಾತ್ರೆ ಅಲ್ಲಾಡಿಸಬಾರದು ಅಂತ ತಾನೇ, ಅಷ್ಟು ಹೇಳೋಕೆ ಇಷ್ಟುದ್ದ ಬರೀಬೇಕಾ,’ ಅಂದಳು. ನಾನು ಕ್ಲಾಸಿನಲ್ಲಿ ಹೇಳಿದರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಊತ ಎರಡು, ಮೂರನೇ ದಿನ ಏರಿತು. ಕೆನ್ನೆಯೊಳಗೆ ಇಡೀ ಅಡಿಕೆಕಾಯಿ ಒತ್ತಿಟ್ಟುಕೊಂಡ ಮುಖ. ರಾಗಿ ಗಂಜಿ, ಕಿವುಚಿದ ಮೊಸರನ್ನ, ಡಾಕ್ಟರೇ ಹೇಳಿದ ಐಸ್‌ಕ್ರೀಮು. ಫೋನು ಮಾಡಿದವರೆಲ್ಲ ಬುದ್ಧಿ ಕೀಳಿಸಿಕೊಂಡೆಯಾ ಅಂತ ಒಂದೇ ಜೋಕು ಹೊಡೆದರು. ಉರ್ದು ಮೇಡಂ ಮಾತ್ರ, ನಮ್ಮಲ್ಲೂ ಅಕಲ್ ದಾಡ್ ಅಂತಲೇ ಅನ್ನೋದು, ಅದಕ್ಕೇ ನಾನು ನನ್ನದನ್ನ ಮುಟ್ಟಿಸಿಲ್ಲ ಅಂದರು. ತುಟಿಗೆ ಜೀವ ಬಂದಿದ್ದು ಮಾತ್ರ ಹಲ್ಲು ಕಿತ್ತ ದಿನ ರಾತ್ರಿಯೇ. ಕನ್ನಡಿ ಮುಂದೆ ನಿಂತು ಉಗುರಿನಿಂದ ಗದ್ದ ಚಿವುಟಿ ಚಿವುಟಿ ನೋಡಿಕೊಂಡೆ.

ಏಳನೇ ದಿನ ಹೊಲಿಗೆ ಬಿಚ್ಚಿದ್ದು ಆ ಹುಡುಗನೇ. 47ಕ್ಕೆ ರೂಟ್ ಕೆನಾಲ್ ತಾರೀಖು ಬರೆದುಕೊಟ್ಟು, ಒಪಿಜಿಯನ್ನು ಬೆಳಕಿಗೆ ಹಿಡಿದು ಎಡಗಡೆ ಬೆರಳಿಟ್ಟ. ಅಲ್ಲೂ ಒಂದು ಮಲಗಿತ್ತು, 38.

‘ಇದನ್ನೂ ತೆಗೆಸಿಬಿಡಿ ಮೇಡಂ, ಮುಂದಿನದಕ್ಕೆ ಇನ್ನೂ ಏನೂ ಆಗಿಲ್ಲ.’

‘ಆಯ್ತಪ್ಪ. ಪರೀಕ್ಷೆ ಮುಗೀಲಿ.’

ಅವನು ಪೆನ್ನು ತೆಗೆದು ಚೀಟಿಯ ಮೇಲಿಟ್ಟುಕೊಂಡೇ ಕೇಳಿದ: ‘ಯಾವ ವರ್ಷದ್ದು ಮೇಡಂ?’